ಮೊದಲನೇ ಸಲ ಬೀಳಲಿಲ್ಲ

ಹೋದ ಸುಗ್ಗಿಯಲ್ಲಿ ನೀರಮಾನ್ವಿಯಲ್ಲಿ ನನ್ನ ಅತ್ತಿಗೆ ತೀರಿಕೊಂಡಳು. ನನ್ನ ಅಣ್ಣನ ಹೆಂಡತಿ. ಮಣ್ಣು ಮಾಡಿ ಬಂದ ಮೇಲೆ ಹೆಂಗಸರೆಲ್ಲ ಕೂತು ಅತ್ತೆವು. ನಾನು ಅತ್ತದ್ದು ಅವಳೊಬ್ಬಳಿಗೇ ಅಲ್ಲ. ಅಣ್ಣ ಸತ್ತಾಗ ನನಗೆ ಸರಿಯಾಗಿ ಅಳಲು ಆಗಿರಲಿಲ್ಲ. ಅವನು ತನ್ನ ತಪ್ಪಿನಿಂದಲೇ ಸತ್ತ ಎಂದು ಜನ ಹೇಳುತ್ತಿದ್ದರು. ಹಾಗೆ ಸತ್ತವನಿಗೆ ಗಂಟಲು ಬಿಟ್ಟು ಅಳುವುದು ಕಷ್ಟ. ಹಿಂದೆ ಕೂತವರು ಏನಾದರೂ ಅನ್ನುತ್ತಾರೇನೋ ಎಂದು ಕಿವಿ ಆ ಕಡೆಗೇ ಇರುತ್ತದೆ.

ಅವನು ಸತ್ತ ದಿನ ನಡೆದದ್ದು ಏನು ಎಂದು ಗೊತ್ತಿದ್ದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಹಾಗಾಗಿ ಬರೆದಿಡುತ್ತಿದ್ದೇನೆ. ನಾನು ಓದಿದ್ದು ಏಳನೇ ಇಯತ್ತೆವರೆಗೆ. ಅದನ್ನು ಓದಿಸಿದವನೂ ಅಣ್ಣನೇ.

ನಮ್ಮೂರು ದೇವದುರ್ಗದ ಕಡೆ ಅರಕೇರಾ. ಅವ್ವ ಹೋದ ಮೇಲೆ ಅಣ್ಣ ನನ್ನನ್ನು ಕರೆದುಕೊಂಡು ರಾಯಚೂರಿಗೆ ಬಂದ. ವೈರಿಂಗ್ ಕೆಲಸ ಮಾಡುವವರ ಹಿಂದೆ ತಿರುಗಿ ಕೆಲಸ ಕಲಿತು, ಕಡೆಗೆ ಒಂದು ಹತ್ತಿ ಮಿಲ್ಲು ಸೇರಿದ. ಹಳ್ಳಿಗಳಿಂದ ಬಂದ ಹತ್ತಿಯ ಬೀಜ ಬಿಡಿಸಿ, ಅರಳೆಯನ್ನು ಒತ್ತಿ ಕಟ್ಟುವ ಮಿಲ್ಲು ಅದು. ನಮ್ಮ ಕೇರಿಯವರು ಅಲ್ಲಿ ಬಹಳ ಮಂದಿ ಇದ್ದರು. ಗಂಡಸರು ಹತ್ತಿಯ ಅಂಡಿಗೆ ಹೊರುತ್ತಿದ್ದರು, ಹೆಂಗಸರು ಯಂತ್ರಕ್ಕೆ ಹತ್ತಿ ನೀಡುತ್ತಿದ್ದರು. ಮಾನ್ವಿ ದಾರಿಯ ಕಲ್ಮಲದಿಂದ ಕೂಡ ಹೆಂಗಸರು ನಡೆದು ಬರುತ್ತಿದ್ದರು. ಆದರೆ ನಮ್ಮ ಕೇರಿಯವರಲ್ಲಿ ಸ್ವಿಚ್ ಕೋಣೆಯ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡವನು ನನ್ನ ಅಣ್ಣ ಒಬ್ಬನೇ. ಎಪ್ಪತ್ತರ ದಶಕದ ನಡುವಿನ ಮಾತು ಇದು.

ಆ ಮಿಲ್ಲಿನಲ್ಲೇ ಫಿಟ್ಟರ್ ಆಗಿದ್ದವರು ನನ್ನ ಗಂಡ. ಅಣ್ಣನ ದೋಸ್ತ. ಒಂದು ಸಂಜೆ ಅಣ್ಣ ಅವರನ್ನು ಚಹಾ ಕುಡಿಯಲು ಕರೆದುಕೊಂಡು ಬಂದ, ಆಮೇಲೆ ವಾರವಾರ ಬರತೊಡಗಿದರು.

"ಇವ ಯಾಕ ಬರ್ತಾನ ಗೊತ್ತದೇನು ತಂಗಿ?" ಎಂದು ಅಣ್ಣ ಅವರ ಮುಂದೆಯೇ ಕೇಳಿದ. "ನಮ್ಮ ಮನಿ ಚಹಾದಾಗ ಸಕ್ಕರಿ ಜಾಸ್ತಿ ಇರ್ತದ ಅಂತ. ಹಂಗಂತ ಅವನ ಹೇಳ್ಯಾನ. ನಂಬಬೇಕು ಬೇ ನಾವು."

ಅವರು ತಲೆ ಎತ್ತಲಿಲ್ಲ. ಬಸಿಯಲ್ಲಿದ್ದ ಚಹಾ ಆರಿಸಿಕೊಳ್ಳುವ ನೆಪದಲ್ಲಿ ಊದುತ್ತಲೇ ಇದ್ದರು. ಮುಂದಿನ ಬೇಸಿಗೆಯಲ್ಲಿ ನನ್ನ ಮದುವೆಯಾಯಿತು. ಅದಕ್ಕೂ ಮೊದಲೇ ಅಣ್ಣ ನೀರಮಾನ್ವಿಯಿಂದ ಅತ್ತಿಗೆಯನ್ನು ತಂದಿದ್ದ. ಎರಡು ಮನೆಗಳ ನಡುವೆ ಒಂದೇ ಗೋಡೆ. ಅತ್ತಿಗೆ ರೊಟ್ಟಿ ಬಡಿಯುವ ಸದ್ದು ನನ್ನ ಒಲೆಯ ಹತ್ತಿರ ಕೇಳುತ್ತಿತ್ತು. ಮಧ್ಯಾಹ್ನದ ಬುತ್ತಿಯನ್ನು ಇಬ್ಬರಿಗೂ ಸೇರಿಸಿ ನಾನೇ ಒಯ್ಯುತ್ತಿದ್ದೆ. ಕೆಳಗಿನ ಡಬ್ಬಿ ಅಣ್ಣನದು, ಮೇಲಿನದು ಇವರದು, ನನ್ನ ಗಂಡನದು.

ಮಿಲ್ಲಿನ ಬಾಗಿಲಲ್ಲಿ ಒಬ್ಬ ಮುದುಕ ಚೌಕಿದಾರ ಇದ್ದ. ಹತ್ತಿಗೆ ಕಿಡಿ ತಾಗಬಾರದು ಎಂದು ಒಳಗೆ ಹೋಗುವವರೆಲ್ಲ ಬೀಡಿ, ಕಡ್ಡಿಪೆಟ್ಟಿಗೆಯನ್ನು ಅವನ ಹತ್ತಿರ ಇಟ್ಟು ಹೋಗಬೇಕು. ಗೋಡೆಗೆ ಹೊಡೆದ ಹಲಗೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗೂಡು. ಸೇದಬೇಕು ಅನಿಸಿದರೆ ಹೊರಗೆ ಬಂದು, ಅವನನ್ನು ಕೇಳಿ ಇಸಿದುಕೊಂಡು, ರಸ್ತೆಯ ಆಚೆ ಬೇವಿನ ಮರದ ಕೆಳಗೆ ಸೇದಿ ಮತ್ತೆ ಒಳಗೆ ಹೋಗಬೇಕು. ಅಣ್ಣನ ಬೀಡಿಯ ಕಟ್ಟೂ ಅಲ್ಲೇ ಇರುತ್ತಿತ್ತು.

"ಕ್ಯಾ ಬೇಟಿ, ಆಜ್ ಕ್ಯಾ ಪಕಾಯಿ?" ಎಂದು ಚೌಕಿದಾರ ದಿನವೂ ಕೇಳುವನು.

"ಪುಂಡಿಪಲ್ಯ ಚಾಚಾ."

"ಕಲ್ ಭೀ ಪುಂಡಿ, ಆಜ್ ಭೀ ಪುಂಡಿ. ನಿಮ್ಮಣ್ಣ ಸ್ವಿಚ್ ಮನಿಯಾಗ ಸಿಡುಕಾಡ್ತಾನ ಅಂದ್ರ ಇದಕ್ಕ ಅದ ನೋಡು."

ಬ್ರೇಕರ್ ಬಗ್ಗೆ ನನಗೆ ತಿಳಿದದ್ದನ್ನು ಇಲ್ಲಿ ಹೇಳಬೇಕು. ಸ್ವಿಚ್ ಕೋಣೆಯಲ್ಲಿ ಎದೆಯೆತ್ತರದ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು, ಅದೇ ಬ್ರೇಕರ್. ಅದರ ಕೆಳಗೆ ಎಣ್ಣೆ ತುಂಬಿದ ತೊಟ್ಟಿ. ಮಿಲ್ಲಿನ ದೊಡ್ಡ ಮೋಟರಿಗೆ ಹೋಗುವ ಕರೆಂಟೆಲ್ಲ ಅದರ ಮೂಲಕವೇ ಹೋಗಬೇಕು. ಒಳಗೆ ಒಂದು ಬಿಗಿಯಾದ ಸ್ಪ್ರಿಂಗು, ಅದನ್ನು ಹಿಡಿದಿಟ್ಟ ಒಂದು ಸಣ್ಣ ಕೊಂಡಿ. ಮೋಟರಿನಲ್ಲಿ ಏನಾದರೂ ಕೆಟ್ಟರೆ, ಇಲ್ಲವೇ ಯಾರಾದರೂ ಗೋಡೆಯ ಕೆಂಪು ಗುಂಡಿ ಒತ್ತಿದರೆ ಆ ಕೊಂಡಿ ಕಳಚಬೇಕು. ಸ್ಪ್ರಿಂಗು ಹಾರುತ್ತದೆ, ಕರೆಂಟು ಕಡಿಯುತ್ತದೆ. ಇದಕ್ಕೆ ಅವರು 'ಬೀಳುವುದು' ಅನ್ನುತ್ತಿದ್ದರು. ಬ್ರೇಕರ್ ಬಿತ್ತು, ಬೀಳಲಿಲ್ಲ, ಹೀಗೆ. ವರ್ಷದಲ್ಲಿ ಹೆಚ್ಚು ದಿನ ಅದು ಬೀಳಬೇಕಾದ ಪ್ರಸಂಗ ಬರುವುದೇ ಇಲ್ಲ. ಕೊಂಡಿ ಸುಮ್ಮನೆ ಕೂತಿರುತ್ತದೆ. ಹತ್ತಿ ಮಿಲ್ಲಿನ ಗಾಳಿ ತುಂಬ ನಾರು, ಧೂಳು. ಕೊಂಡಿಗೆ ಹಚ್ಚಿದ ಗ್ರೀಸಿಗೆ ಅದು ಅಂಟಿಕೊಂಡು, ಬಿಸಿಲಿಗೆ ಒಣಗಿ, ಮಡ್ಡಿಯ ಹಾಗೆ ಗಟ್ಟಿಯಾಗುತ್ತದೆ.

ವರ್ಷಕ್ಕೊಮ್ಮೆ ಸರ್ಕಾರದ ಕಡೆಯಿಂದ ಒಬ್ಬ ಇನ್‌ಸ್ಪೆಕ್ಟರು ಬಂದು ಬ್ರೇಕರ್ ಬೀಳುತ್ತದೋ ಇಲ್ಲವೋ ನೋಡಿ ಹೋಗುತ್ತಿದ್ದರು. ಅವರು ಬರುವ ದಿನ ಬೆಳಿಗ್ಗೆ ಇವರು ಪೆಟ್ಟಿಗೆಯ ಮುಚ್ಚಳ ತೆಗೆದು, ಸೀಮೆಎಣ್ಣೆಯ ಅರಿವೆಯಿಂದ ಕೊಂಡಿ ಒರೆಸಿ, ಕೈಯಿಂದ ಹಾಕಿ ಬೀಳಿಸಿ, ಹಾಕಿ ಬೀಳಿಸಿ ಸಡಿಲ ಮಾಡುತ್ತಿದ್ದರು. ಅದಕ್ಕೆ ಮಿಲ್ಲಿನಲ್ಲಿ 'ಎಬ್ಬಿಸೋದು' ಎಂಬ ಹೆಸರೇ ಇತ್ತು. ಎಲ್ಲ ಮಿಲ್ಲುಗಳಲ್ಲೂ ಹಾಗೆಯೇ ಮಾಡುತ್ತಿದ್ದರಂತೆ. ಅದರಲ್ಲಿ ಮೋಸ ಇದೆ ಎಂದು ಯಾರಿಗೂ ಅನಿಸಿರಲಿಲ್ಲ. ಬೀಗರು ಬರುವ ದಿನ ಅಂಗಳ ಸಾರಿಸಿದ ಹಾಗೆ ಅದು.

ಒಮ್ಮೆ ನಾನು ಬುತ್ತಿ ಬೇಗ ಒಯ್ದಾಗ ಇವರು ಅದನ್ನೇ ಮಾಡುತ್ತಿದ್ದರು. ಅಣ್ಣ ಮೀಟರು ನೋಡಲು ಆಫೀಸಿಗೆ ಹೋಗಿ ಬಂದವನು ಬಾಗಿಲಲ್ಲಿ ನಿಂತು, "ಎಬ್ಬಿಸಿದೇನು? ಮಾರಿ ತೊಳದು ಅಂಗಿ ತೊಡಿಸು ಇನ್ನ. ಸಾಹೇಬ್ರು ಬರೋಹೊತ್ತಿಗೆ ಸಲಾಮ್ ಹೊಡಿಬೇಕದು" ಎಂದ.

"ಎದ್ದಾನ, ಎದ್ದಾನ" ಎಂದರು ಇವರು, ಕೈ ಒರೆಸಿಕೊಳ್ಳುತ್ತ.

"ಮೊದಲ್ನೇ ಸಲನೇ ಬಿತ್ತೇನು?"

"ಬಿತ್ತು ಬಿಡು ಮಾರಾಯ. ಉಣ್ಣು ನಡಿ."

ಇದು ನನಗೆ ಚೆನ್ನಾಗಿ ನೆನಪಿದೆ. ಆಗ ಅದಕ್ಕೆ ಅರ್ಥ ಇರಲಿಲ್ಲ. ಇಬ್ಬರೂ ಉಂಡರು, ಅಣ್ಣ ತನ್ನ ಪಾಲಿನ ಶೇಂಗಾ ಹಿಂಡಿಯನ್ನು ಇವರ ರೊಟ್ಟಿಗೆ ಹಾಕಿದ. ಮಧ್ಯಾಹ್ನದ ಮೇಲೆ ಇನ್‌ಸ್ಪೆಕ್ಟರರ ಜೀಪು ಬಂತು. ಅವರ ಮುಂದೆ ಅಣ್ಣ ಕೆಂಪು ಗುಂಡಿ ಒತ್ತಿದ, ಬ್ರೇಕರ್ ಧಡ್ಡೆಂದು ಬಿತ್ತು. ಇನ್‌ಸ್ಪೆಕ್ಟರು ತಲೆಯಾಡಿಸಿ ಹೋದರು. ಇದನ್ನು ಆ ಸಂಜೆ ಇಬ್ಬರೂ ನಗುತ್ತ ಹೇಳಿದರು.

ಆ ಸುಗ್ಗಿ ಮುಗಿಯುವ ಮೊದಲೇ ಅದು ಆಯಿತು.

ಬುತ್ತಿ ಕೊಟ್ಟು ಬಂದು ನಾನು ಪಾತ್ರೆ ಬೆಳಗುತ್ತಿದ್ದೆ. ಮಿಲ್ಲಿನ ಕಡೆಯಿಂದ ದೊಡ್ಡ ಸದ್ದು ಬಂತು. ಹೊರಗೆ ಬಂದು ನೋಡಿದರೆ ತಗಡಿನ ಮೇಲೆ ಕರಿ ಹೊಗೆ. ಮೋಟರಿನೊಳಗೆ ಎರಡು ತಂತಿ ಕೂಡಿಕೊಂಡು ಸುಡತೊಡಗಿತ್ತಂತೆ. ಆಗ ಬ್ರೇಕರ್ ತಾನಾಗಿಯೇ ಬೀಳಬೇಕಿತ್ತು. ಬೀಳಲಿಲ್ಲ. ಸ್ವಿಚ್ ಕೋಣೆಯ ಕೇಬಲ್ಲಿಗೂ ಬೆಂಕಿ ಹತ್ತಿತು. ಪಕ್ಕದ ಅಂಗಳದಲ್ಲಿ ಹತ್ತಿಯ ರಾಶಿ, ಹೆಂಗಸರು. ಅಣ್ಣ ಬ್ರೇಕರಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದ. ಅದು ಥಟ್ಟನೆ ಬಿಡಲಿಲ್ಲ, ಅರ್ಧ ಬಂದು ನಿಂತಿತು. ಒಳಗೆ ಕಿಡಿ ಹಾರಿ ಎಣ್ಣೆಯ ತೊಟ್ಟಿ ಸಿಡಿಯಿತು. ಕುದಿಯುವ ಎಣ್ಣೆ ಅವನ ಮೇಲೆ ಬಿತ್ತು. ಸಿಡಿದ ಮೇಲೆ ಕರೆಂಟು ನಿಂತಿತು. ಹೊರಗಿನ ಹೆಂಗಸರಿಗೆ ಏನೂ ಆಗಲಿಲ್ಲ.

ದೊಡ್ಡ ದವಾಖಾನೆಯಲ್ಲಿ ಅವನು ಮರುದಿನದವರೆಗೆ ಇದ್ದ. ಮಾತು ಇರಲಿಲ್ಲ. ಅತ್ತಿಗೆ ಕಾಲ ಹತ್ತಿರ ಕೂತಿದ್ದಳು, ನಾನು ತಲೆಯ ಹತ್ತಿರ. ಪಟ್ಟಿ ಸುತ್ತಿದ ಕೈಯಿಂದ ಹೆಬ್ಬೆರಳು ಮಾತ್ರ ಹೊರಗಿತ್ತು. ಅದನ್ನು ನನ್ನ ಅಂಗೈಗೆ ಒತ್ತುತ್ತಿದ್ದ, ಬಿಡುತ್ತಿದ್ದ, ಮತ್ತೆ ಒತ್ತುತ್ತಿದ್ದ.

"ಏನ್ ಕೇಳಾಕತ್ಯಾನ?" ಎಂದಳು ಅತ್ತಿಗೆ.

"ನೀರು ಇರಬೇಕು" ಎಂದು ನಾನು ಹತ್ತಿ ಅದ್ದಿ ತುಟಿಗೆ ಹಚ್ಚಿದೆ. ಇವರು ಕಿಟಕಿಯ ಹತ್ತಿರ ಹೊರಗೆ ನೋಡುತ್ತ ನಿಂತಿದ್ದರು.

ಅರಕೇರಾಕ್ಕೆ ಒಯ್ದು ಮಣ್ಣು ಮಾಡಿದೆವು. ಆಮೇಲೆ ವಿಚಾರಣೆ ಬಂತು. ಅದೇ ಇನ್‌ಸ್ಪೆಕ್ಟರು. ಮಿಲ್ಲಿನ ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದರು, ಪಕ್ಕದಲ್ಲಿ ಮ್ಯಾನೇಜರ್. ಸತ್ತವನ ಕಡೆಯವರು ಬರಬೇಕು ಎಂದಿದ್ದರಿಂದ ನಾನೂ ಅತ್ತಿಗೆಯೂ ಹೋಗಿ ಗೋಡೆಗೆ ಆನಿಸಿ ನಿಂತಿದ್ದೆವು. ಇನ್‌ಸ್ಪೆಕ್ಟರು ಕೆಟ್ಟವರಲ್ಲ. ಅತ್ತಿಗೆಗೆ ಕೂತುಕೋ ತಾಯಿ ಅಂದರು. ಆದರೆ ಅವರ ಕಣ್ಣ ಮುಂದೆಯೇ ಅದೇ ಸುಗ್ಗಿಯಲ್ಲಿ ಬ್ರೇಕರ್ ಬಿದ್ದಿತ್ತು. ತಮ್ಮ ಕಣ್ಣನ್ನು ಅವರು ಹೇಗೆ ನಂಬದೆ ಇದ್ದಾರು?

"ಬ್ರೇಕರ್ ಸರಿ ಇತ್ತಲ್ಲ?" ಎಂದು ಇವರನ್ನು ಕೇಳಿದರು.

"ನಿಮ್ಮ ಮುಂದನ ಬಿತ್ತಲ್ರಿ ಸಾಹೇಬ್ರ."

"ಹಾಗಾದ್ರೆ ಅವನು ಹೊತ್ತಿಗೆ ಸರಿಯಾಗಿ ಗುಂಡಿ ಒತ್ತಿಲ್ಲ. ಒತ್ತಿದ್ದು ನೀನು ನೋಡಿದಿಯೇನು?"

ಇವರು ಒಂದು ಸಲ ನೆಲ ನೋಡಿದರು. "ಇಲ್ರಿ. ನಾ ಶಾಫ್ಟಿನ ಕೆಳಗ ಎಣ್ಣಿ ಬಿಡಾಕತ್ತಿದ್ದೆ."

"ಎಲ್ಲೋ ಹೊರಗ ಬೀಡಿ ಸೇದಾಕ ಹೋಗ್ಯಾನ್ರಿ" ಎಂದ ಮ್ಯಾನೇಜರ್. "ಹೊಗಿ ನೋಡಿ ಓಡಿ ಬಂದು, ಹೆದರಿ ಹಿಡಿಕಿಗೆ ಕೈ ಹಾಕ್ಯಾನ. ಇಂಥವ್ರ ಕೈಯಾಗ ಕೀಲಿಕೈ ಕೊಟ್ಟಿದ್ದ ನಮ್ಮ ತಪ್ಪು."

ಬಾಗಿಲ ಕಡೆಯಿಂದ ಮುದುಕ ಚೌಕಿದಾರ ಮುಂದೆ ಬಂದ. ಅಣ್ಣನ ಬೀಡಿಯ ಕಟ್ಟು ಅವನ ಕೈಯಲ್ಲಿತ್ತು. "ಸಾಬ್, ಉಸ್ಕಿ ಬೀಡಿ ಮೇರೆ ಪಾಸ್‌ಚ್ ಹೈ. ಅವತ್ತ ಅವ ಹೊರಗ ಬಂದೇ ಇಲ್ರಿ, ಕೇಳೇ ಇಲ್ರಿ."

"ಬೀಡಿ ಒಂದ ಕಟ್ಟು ಇರ್ತದೇನು ಊರಾಗ?" ಎಂದ ಮ್ಯಾನೇಜರ್. ಯಾರೋ ನಕ್ಕರು. ಮುದುಕ ಹಿಂದಕ್ಕೆ ಸರಿದ. ಹೋಗುವಾಗ ಆ ಕಟ್ಟನ್ನು ನನ್ನ ಕೈಗಿಟ್ಟ. ನಾನು ಅತ್ತಿಗೆಗೆ ಕೊಟ್ಟೆ. ಅವಳು ಮನೆಗೆ ಬರುವ ದಾರಿಯಲ್ಲಿ ಅದನ್ನು ಗಟಾರಕ್ಕೆ ಎಸೆದಳು. "ಇದ ತಿಂದಿತು ಅವನ್ನ" ಎಂದಳು.

ಅದೇ ದೊಡ್ಡ ಕೇಡಾಯಿತು. ಊರವರು ಅದನ್ನು ನಂಬಿದ್ದು ಒಂದು ಮಾತು, ಅತ್ತಿಗೆಯೂ ನಂಬಿದ್ದು ಬೇರೆಯೇ ಮಾತು. ಅವಳು ಸತ್ತವನ ಮೇಲೆ ಸಿಟ್ಟಾಗಿ ಕೂತಳು. ರಾಯಚೂರಿನ ಮನೆ ಬಿಟ್ಟು ನೀರಮಾನ್ವಿಗೆ, ತವರಿಗೆ ಹೋದಳು. ಮಾನ್ವಿಯ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆಯ ಕೆಲಸ ಹಿಡಿದು ದಿನಾ ಬಸ್ಸಿಗೆ ಹೋಗಿಬರುತ್ತಿದ್ದಳು. ನೀರಮಾನ್ವಿಯ ಯಲ್ಲಮ್ಮನ ಗುಡಿಗೆ ಹೋದಾಗ ನಾನು ಅವಳ ಮನೆಗೆ ಹೋಗುವುದಿತ್ತು. ಅಣ್ಣನ ಮಾತು ತೆಗೆದರೆ ಅವಳು ಎದ್ದು ಒಲೆಯ ಕಡೆ ಹೋಗುವಳು.

"ಜಾಗಾ ಬಿಟ್ಟು ಹೋಗಬ್ಯಾಡ ಅಂತ ನಾ ಎಷ್ಟು ಸಲ ಬಡ್ಕೊಂಡೀನಿ" ಎಂದು ಒಮ್ಮೆ ಅಂದಳು. "ಅವ ಅಲ್ಲೇ ಇದ್ದಿದ್ರ, ಒಂದ ಗುಂಡಿ, ಒಂದ. ನನಗಿಂತ ಬೀಡಿ ಹೆಚ್ಚಾತು ಅವಂಗ."

ಅರಕೇರಾದಲ್ಲೂ ಅದೇ ಮಾತು. ಕಟ್ಟೆಯ ಮೇಲೆ ಕೂತವರು ಬೀಡಿ ಹಚ್ಚುವಾಗ ಅಣ್ಣನ ಹೆಸರು ಹಿಡಿದು ನಗುತ್ತಿದ್ದರು. ಆಮೇಲೆ ಆ ಮಿಲ್ಲಿನ ಸ್ವಿಚ್ ಕೋಣೆಗೆ ನಮ್ಮ ಕೇರಿಯವರನ್ನು ಹಾಕಲಿಲ್ಲ. ನಮ್ಮವರೇ ಕೆಲವರು, ಅವನಿಂದ ನಮಗೂ ಬಾಗಿಲು ಹಾಕಿತು ಎಂದರು. ಇವರು ಈ ಮಾತುಗಳನ್ನೆಲ್ಲ ಕೇಳಿಸಿಕೊಂಡು ಸುಮ್ಮನೆ ಇರುತ್ತಿದ್ದರು. ದೋಸ್ತನನ್ನು ಕಳೆದುಕೊಂಡ ದುಃಖ ಎಂದು ನಾನು ತಿಳಿದಿದ್ದೆ. ಅವರ ಆ ಮೌನಕ್ಕೆ ಎಷ್ಟೋ ಸಲ ನಾನೇ ಸಮಾಧಾನ ಹೇಳಿದ್ದೇನೆ.

ಮಿಲ್ಲು ಕೆಲವು ವರ್ಷ ನಡೆದು ಮುಚ್ಚಿತು. ಇವರು ರಾಯಚೂರಿನಲ್ಲೇ ಒಂದು ಶೇಂಗಾ ಎಣ್ಣೆಯ ಗಿರಣಿ ಸೇರಿದರು. ಎಂಬತ್ತರ ದಶಕ ಅರ್ಧ ಕಳೆದಿತ್ತು. ಒಂದು ದಿನ ಸಂಜೆ ಬಂದವರು ಕೈಕಾಲು ತೊಳೆಯದೆ ಹೊಸ್ತಿಲ ಮೇಲೆ ಕೂತರು. ಗಿರಣಿಗೆ ಹೊಸ ಇನ್‌ಸ್ಪೆಕ್ಟರು ಬಂದಿದ್ದರಂತೆ. ಹುಡುಗ ಮುಖದವರು.

"ಏನಾತ್ರಿ?" ಎಂದೆ.

"ಬ್ರೇಕರ್ ಮುಟ್ಟಬ್ಯಾಡ್ರಿ ಅಂದ. ನಾ ಹೇಳದ ಕೇಳದ ಬರ್ತೀನಿ, ಮೊದಲ್ನೇ ಸಲ ಬೀಳೋದಷ್ಟ ಲೆಕ್ಕ, ಎರಡನೇದು ಬಿದ್ರ ಅದು ಬಿದ್ದಂಗ ಅಲ್ಲ ಅಂದ."

"ಯಾಕಂತ?"

"ಎಲ್ಲೋ ಪರದೇಶದಾಗ ಅಣುಕರೆಂಟಿನ ಕಾರ್ಖಾನಿ ಅದ ಅಂತ. ಅಷ್ಟು ದೊಡ್ಡದು. ಅಲ್ಲೂ ಬೀಳೋ ಹೊತ್ತಿಗೆ ಬ್ರೇಕರ್ ಬೀಳಲಿಲ್ಲಂತ. ತೆಗದು ನೋಡಿದ್ರ ಕೊಂಡಿ ಗ್ರೀಸ್ ಒಣಗಿ, ಧೂಳು ಕೂತು ಬಿಗದಿತ್ತಂತ. ಕೈಲಿ ನಿಲ್ಲಿಸಿದ್ರಂತ. ಇಲ್ಲಂದ್ರ ಊರಿಗೂರ ಕೇಡಾಗತಿತ್ತು ಅಂದ."

ಅಣುವಿನ ಕಾರ್ಖಾನೆ ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲ. ಆದರೆ ಒಣಗಿದ ಗ್ರೀಸು ಗೊತ್ತಿತ್ತು. ಇವರ ಅಂಗಿ ಒಗೆಯುವಾಗ ಉಗುರಿನಿಂದ ಕೆರೆದಿದ್ದೇನೆ.

"ನಿಮ್ಮ ಗಿರಣಿದು ಇವತ್ತ ಬಿತ್ತೇನು?"

"ಮೊದಲ್ನೇ ಸಲ ಬೀಳಲಿಲ್ಲ. ಎರಡನೇ ಸಲ ಬಿತ್ತು. ಕೆಟ್ಟದ ಅಂತ ಬರದು, ಬೀಗ ಹಾಕಿಸಿ ಹೋದ."

ನಾನು ಒಲೆಯ ಮುಂದಿನಿಂದ ಎದ್ದು ಬಂದು ಅವರ ಎದುರು ನಿಂತೆ. ಬಿಸಿಲಿನ್ನೂ ಇತ್ತು, ಅವರ ಮುಖ ಸ್ಪಷ್ಟ ಕಾಣುತ್ತಿತ್ತು. "ಅಣ್ಣ ಅವತ್ತ ನಿಮ್ಮನ್ನ ಕೇಳಿದ, ಮೊದಲ್ನೇ ಸಲನೇ ಬಿತ್ತೇನು ಅಂತ. ನಾ ಬುತ್ತಿ ತಂದಿದ್ದೆ. ಬಿತ್ತು ಬಿಡು ಅಂದ್ರಿ ನೀವು."

ಅವರು ಬಗ್ಗಿ ಚಪ್ಪಲಿಯ ಬಾರು ಬಿಚ್ಚತೊಡಗಿದರು.

"ಬಿದ್ದಿತ್ತೇನು?"

"ಇಲ್ಲ."

ಆಮೇಲೆ ತುಂಡು ತುಂಡಾಗಿ ಹೇಳಿದರು. ಅವತ್ತು ಮೊದಲನೇ ಸಲ ಬೀಳಲಿಲ್ಲ, ಎರಡನೇ ಸಲವೂ ಬೀಳಲಿಲ್ಲ. ಸೀಮೆಎಣ್ಣೆ ಹಾಕಿ ತಿಕ್ಕಿದ ಮೇಲೆ ಬಿತ್ತು. ಕೊಂಡಿ ಬಿಚ್ಚಿ ತೊಳೆಯಬೇಕಿತ್ತು. ಅಣ್ಣನಿಗೆ ಹೇಳಿದರೆ ಅವನು ಮಿಲ್ಲು ನಿಲ್ಲಿಸುತ್ತಿದ್ದ, ಅವನು ಅಂಥವನು. ಹಿಂದಿನ ಸುಗ್ಗಿಯಲ್ಲಿ ಇಂಥದೇ ಒಂದಕ್ಕೆ ನಿಲ್ಲಿಸಿ ಮ್ಯಾನೇಜರನ ಹತ್ತಿರ ಇಬ್ಬರೂ ಬೈಸಿಕೊಂಡಿದ್ದರು. ಸುಗ್ಗಿ ಮುಗಿಯಲಿ, ಬಿಚ್ಚೋಣ ಎಂದುಕೊಂಡರಂತೆ.

"ವಿಚಾರಣ್ಯಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ನನ್ನ ಕೊಳ್ಳಿಗೆ ಬರ್ತಿತ್ತು. ಅವ ಹೋಗಿಬಿಟ್ಟಿದ್ದ. ಉಳದವ್ರು ನಾವು." ಹೊಸ್ತಿಲಿಂದ ಏಳುತ್ತ, "ಅವ ಒತ್ತಿರಬೇಕು. ಒತ್ತಿದ್ರೂ ಬಿದ್ದಿರಂಗಿಲ್ಲ" ಎಂದರು.

ಒತ್ತಿರಬೇಕು. ಅಷ್ಟು ಮಾತನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ಎದುರಿಗೆ ಕೂತು ನಾನು ಬಡಿದ ರೊಟ್ಟಿ ತಿಂದಿದ್ದರು. ಅತ್ತಿಗೆ ಗಂಡನನ್ನು ಬಯ್ಯುವುದನ್ನು ಪಕ್ಕದಲ್ಲಿ ಕೂತು ಕೇಳಿದ್ದರು. ನನಗೆ ಕೂಗಾಡಬೇಕು ಅನಿಸಲಿಲ್ಲ. ಒಲೆಯ ಮೇಲಿನ ಹಂಚು ಇಳಿಸಿದೆ. "ನೀರಮಾನ್ವಿಗೆ ಹೋಗೂಣ್ರಿ. ಅಕಿಗೆ ನೀವ ಹೇಳ್ರಿ" ಎಂದೆ.

ಮೊದಲು ಒಪ್ಪಲಿಲ್ಲ. ನಾನು ಅವರ ಜೊತೆ ಮಾತು ಬಿಟ್ಟೆ. ಊಟಕ್ಕೆ ಇಡುತ್ತಿದ್ದೆ, ಮಾತಿಲ್ಲ. ಕಡೆಗೆ, "ಆತು, ಐತವಾರ ಹೋಗೂಣು" ಎಂದರು.

ಐತವಾರ ಬೆಳಿಗ್ಗೆ ಜಳಕ ಮಾಡಿ, ಒಗೆದ ಅಂಗಿ ತೊಟ್ಟು ನನ್ನ ಮುಂದೆ ಕೂತರು. "ಹಿಂಗ ಹೇಳ್ತೀನಿ ನೋಡು" ಎಂದು ಶುರು ಮಾಡಿದರು. ಶಾಲೆಯ ಹುಡುಗ ಪದ್ಯ ಒಪ್ಪಿಸುವ ಹಾಗೆ. ಒಂದು ಕಡೆ ನಿಂತು, "ಕೊಂಡಿ ಸ್ವಲ್ಪ ಬಿಗಿ ಇತ್ತು ಅಂದ್ರ ಸಾಕಲ್ಲ?" ಎಂದು ಕೇಳಿದರು.

"ಬಿಗಿ ಅಲ್ಲ. ಬೀಳಲಿಲ್ಲ."

"ಹೂಂ. ಬೀಳಲಿಲ್ಲ." ಮತ್ತೊಮ್ಮೆ ಮೊದಲಿಂದ ಹೇಳಿದರು. ಈ ಸಲ ತಡವರಿಸಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಕೂತಾಗಲೂ, ಕಲ್ಮಲ ದಾಟುವವರೆಗೆ ಅವರ ತುಟಿ ಆಡುತ್ತಿತ್ತು.

ಅತ್ತಿಗೆ ಮನೆಯಲ್ಲೇ ಇದ್ದಳು. "ಬರ್ರಿ ಯಣ್ಣಾ, ಬಾ ಬೇ" ಎಂದು ಚಾಪೆ ಹಾಸಿ, ನೀರು ಕೊಟ್ಟಳು. ಅವಳಿಗೆ ಇವರು ಮೊದಲಿನಿಂದಲೂ ಅಣ್ಣ. ಮಂಡಕ್ಕಿ ತೋಯಿಸಿ ಮಂಡಾಳ ಒಗ್ಗರಣೆ ಮಾಡಿ ತಂದಿಟ್ಟಳು. ಹಾಸ್ಟೆಲ್ಲಿನ ಹುಡುಗಿಯರು ಸಾರಿಗೆ ಹೆಸರಿಟ್ಟಿದ್ದನ್ನು ಹೇಳಿ ತಾನೇ ನಕ್ಕಳು. ಆಮೇಲೆ ಇವರು ತಟ್ಟೆ ಬದಿಗಿಟ್ಟು, "ತಂಗಿ, ಒಂದು ಮಾತು ಹೇಳೋದದ" ಎಂದರು.

ಚೆನ್ನಾಗಿ ಹೇಳಿದರು. ಅಷ್ಟು ಚೆನ್ನಾಗಿ ಅವರು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ದೋಸ್ತಿಯಿಂದ ಶುರು ಮಾಡಿದರು. ಹತ್ತಿಯ ಧೂಳು, ಗ್ರೀಸು, ಪರದೇಶದ ಕಾರ್ಖಾನೆ ಎಲ್ಲ ಬಂತು. ಅಷ್ಟು ದೊಡ್ಡ ಕಾರ್ಖಾನೆಯಲ್ಲೇ ಹಾಗಾದ ಮೇಲೆ ನಮ್ಮದು ಯಾವ ಲೆಕ್ಕ ಎಂದರು. "ಕೊಂಡಿ ಸ್ವಲ್ಪ ಬಿಗಿ ಇತ್ತವ್ವಾ, ನನಗೂ ಅಷ್ಟು ತಿಳೀಲಿಲ್ಲ" ಎಂದು ಕಣ್ಣು ಒರೆಸಿಕೊಂಡರು. ಅತ್ತಿಗೆಯ ಕಣ್ಣಲ್ಲೂ ನೀರು ಬಂತು. "ಇರ್ಲಿ ಬಿಡ್ರಿ ಯಣ್ಣಾ, ನೀವೇನು ಬೇಕಂತ ಮಾಡೀರೇನು" ಎಂದು ಅವರಿಗೇ ಮತ್ತೆ ನೀರು ಕೊಡಲು ಎದ್ದಳು.

ನಾನು ಇವರ ಮುಖ ನೋಡಿದೆ. ಹಗುರಾಗಿದ್ದರು. ಸ್ವಿಚ್ ಕೋಣೆಯಲ್ಲಿ ಅವತ್ತು ಕೈ ಒರೆಸಿಕೊಂಡು ಉಣ್ಣಲು ನಡೆದರಲ್ಲ, ಹಾಗೆಯೇ ಇದ್ದರು. ಬೆಳಿಗ್ಗೆ ನನ್ನ ಮುಂದೆ ಕೂತು, ಬಸ್ಸಿನಲ್ಲಿ ಕೂತು, ಇದನ್ನು ಹಾಕಿ ಬೀಳಿಸಿ, ಹಾಕಿ ಬೀಳಿಸಿ ಸಡಿಲ ಮಾಡಿಕೊಂಡು ಬಂದಿದ್ದರು. ಅದಕ್ಕೆ ನನ್ನನ್ನೇ ಬಳಸಿಕೊಂಡಿದ್ದರು.

"ಬಿಗಿ ಅಲ್ಲ ಅತ್ತಿಗಿ" ಎಂದೆ. "ಮೊದಲ್ನೇ ಸಲ ಬೀಳಲಿಲ್ಲ ಅದು. ಎರಡನೇ ಸಲನೂ ಬೀಳಲಿಲ್ಲ. ಅಣ್ಣ ಕೇಳಿದಾಗ ಬಿತ್ತು ಅಂತ ಹೇಳ್ಯಾರ."

ಅತ್ತಿಗೆ ನೀರಿನ ತಂಬಿಗೆ ಹಿಡಿದು ನಿಂತಲ್ಲೇ ನಿಂತಳು. ಆಮೇಲೆ ತಂಬಿಗೆ ಕೆಳಗಿಟ್ಟು, ಅವರ ಎದುರು ನೆಲದ ಮೇಲೆ ಕೂತಳು. ಬ್ರೇಕರಿನ ಸುದ್ದಿ ಅವಳು ಕೇಳಲೇ ಇಲ್ಲ.

"ಅವ ಗುಂಡಿ ಒತ್ತಿದನೇನು?"

"ಒತ್ತಿರಬೇಕವ್ವಾ…"

"ಇರಬೇಕು ಬ್ಯಾಡ. ಅವ ಅಲ್ಲಿದ್ದನೇನು, ಇಲ್ಲೇನು?"

ಇದಕ್ಕೆ ಅವರು ತಯಾರಿ ಮಾಡಿಕೊಂಡು ಬಂದಿರಲಿಲ್ಲ. ಬದಿಗಿಟ್ಟ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ನಾನೂ ಕಾದೆ. ಶಾಫ್ಟಿನ ಕೆಳಗೆ ಇದ್ದವರು ಏನು ನೋಡಿಯಾರು ಎಂದೇ ನಾನು ಅಷ್ಟು ವರ್ಷ ತಿಳಿದಿದ್ದೆ.

"ಇದ್ದ" ಎಂದರು.

"ನಿಮಗ ಹ್ಯಾಂಗ ಗೊತ್ತು?"

"ಬಾಗಲಾಗ ನಿಂತಿದ್ದೆ. ಒತ್ತಿದ. ಮತ್ತ ಒತ್ತಿದ. ಒತ್ತತಾನೇ ಇದ್ದ. ಬೀಳಲಿಲ್ಲ. ನನ್ನ ಕಡಿ ಹೊಳ್ಳಿ ನೋಡಿದ."

ಮುಂದೆ ಏನಾಯಿತು ಎಂದು ನಾವಿಬ್ಬರೂ ಕೇಳಲಿಲ್ಲ. ದವಾಖಾನೆಯಲ್ಲಿ ನನ್ನ ಅಂಗೈಗೆ ಒತ್ತಿದ ಹೆಬ್ಬೆರಳು ಕೇಳಿದ್ದು ನೀರನ್ನಲ್ಲ ಎಂದು ನನಗೆ ಆಗ ತಿಳಿಯಿತು. ಕಿಟಕಿಯ ಹತ್ತಿರ ನಿಂತವರಿಗೆ ಅದು ಅಂದೇ ತಿಳಿದಿತ್ತು.

ಅತ್ತಿಗೆ ಎದ್ದು ಬಾಗಿಲಿಗೆ ಹೋದಳು. ಓಣಿಯ ಕಟ್ಟೆಯ ಮೇಲೆ ನಾಲ್ಕಾರು ಜನ ಕೂತಿದ್ದರು. ಎದುರು ಮನೆಯ ಮುದುಕಿ ಬುಟ್ಟಿ ಹೆಣೆಯುತ್ತಿದ್ದಳು. "ಯವ್ವಾ, ಸ್ವಲ್ಪ ಬರ್ರಿ ಇಲ್ಲಿ. ಎಲ್ಲಾರೂ ಬರ್ರಿ" ಎಂದು ಕರೆದಳು. ದನಿ ಏರಿಸಲಿಲ್ಲ, ಹಬ್ಬಕ್ಕೆ ಕರೆದ ಹಾಗೆ ಕರೆದಳು. ಅವರು ಬಂದು ಹೊಸ್ತಿಲ ಹೊರಗೆ ನಿಂತರು. ಅತ್ತಿಗೆ ಇವರ ಕಡೆ ತಿರುಗಿ, "ಈಗ ಹೇಳಿದ್ದನ್ನ ಇವ್ರ ಮುಂದ ಹೇಳ್ರಿ ಯಣ್ಣಾ. ಕಾರ್ಖಾನಿ ಗೀರ್ಖಾನಿ ಬ್ಯಾಡ. ಅವ ಎಲ್ಲಿದ್ದ, ಏನ್ ಮಾಡಿದ, ಅಷ್ಟ ಹೇಳ್ರಿ" ಎಂದಳು.

ಹೇಳಿದರು. ಮುಖ ಚಾಪೆಯ ಕಡೆಗಿತ್ತು, ಹಿಂದೆ ನಿಂತವರಿಗೆ ಕೇಳಿಸಲಿಲ್ಲ. ಮುದುಕಿ, "ಏನಂದ?" ಎಂದಳು. ಅತ್ತಿಗೆಯೇ ಗಟ್ಟಿಯಾಗಿ ಹೇಳಿದಳು. "ನನ್ನ ಗಂಡ ಜಾಗಾ ಬಿಟ್ಟಿರಲಿಲ್ಲಂತ. ಗುಂಡಿ ಒತ್ತಿದ್ದನಂತ."

ಆ ದಿನದಿಂದ ಅವಳು ಸಾಯುವವರೆಗೆ ಅಣ್ಣನ ಮಾತು ಬಂದರೆ ಎದ್ದು ಹೋಗಲಿಲ್ಲ. ಇವರನ್ನು ಮತ್ತೆ ಅಣ್ಣ ಎಂದು ಕರೆಯಲೂ ಇಲ್ಲ. ಅವಳ ಮಣ್ಣಿಗೆ ಇವರು ಬಂದಿದ್ದರು, ದೂರ ನಿಂತು ಒಂದು ಹಿಡಿ ಮಣ್ಣು ಹಾಕಿದರು.

ಆ ಐತವಾರ ಮರಳಿ ಬರುವಾಗ ಬಸ್ಸು ಖಾಲಿ ಇತ್ತು. ಕಲ್ಮಲದ ಹತ್ತಿರ ಅವರು, "ಹೇಳಿದೆನಲ್ಲ" ಎಂದರು.

ನಾನು ಮುಂದಿನ ಸೀಟಿಗೆ ಎದ್ದು ಹೋಗಿ ಕೂತೆ.